ಒಳಗೆ ಕೇಳಿ ಹೇಳ್ತೀವಿ

ಅಟ್ಟದ ಮೇಲಿಂದ ಬೋರ್ಡು ಇಳಿಸಿಕೊಡು ಎಂದು ಅಂಬುಜಮ್ಮ ಮತ್ತೆ ಹೇಳಿದಾಗ ನಾಣಿ ಇನ್ನೂ ಹಲ್ಲುಜ್ಜುತ್ತಲೇ ಇದ್ದ. ಬಾಯಿ ತುಂಬ ನೊರೆಯಿರುವ ತನಕ ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂಬುದನ್ನು ಅವನು ಬಹಳ ಚಿಕ್ಕಂದಿನಲ್ಲೇ ಕಂಡುಕೊಂಡಿದ್ದ. ಮೂವತ್ತು ದಾಟಿದ ಗಂಡಸು, ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್, ಇವತ್ತು ಸಂಜೆ ತಾನೇ ತೆಗೆದ ಸಾಕ್ಷ್ಯಚಿತ್ರವನ್ನು ಊರವರಿಗೆ ತೋರಿಸಲಿರುವ ಮನುಷ್ಯ, ಬಚ್ಚಲಲ್ಲಿ ನಿಂತು ನೊರೆ ಉಗುಳದೆ ಕಾಯುತ್ತಿದ್ದಾನೆ. ಅಡುಗೆಮನೆಯಿಂದ ಅಮ್ಮನ ದನಿ ನಿಲ್ಲಲಿಲ್ಲ. ‘ಮೇಲಿದ್ದ ಬ್ಯಾಂಕಿನೋರು ವರ್ಗ ಆಗಿ ಹೋಗಿ ವಾರದ ಮೇಲಾಯ್ತು ಕಣೋ. ಭಾನುವಾರ ಅಂದ್ರೆ ಜನ ಮನೆ ನೋಡ್ಕೊಂಡು ತಿರುಗ್ತಾರೆ. ಬೋರ್ಡು ಹಾಕ್ದೆ ಇದ್ರೆ ಮೇಲೆ ಖಾಲಿ ಇದೆ ಅಂತ ಅವರಿಗೇನು ಕನಸು ಬೀಳತ್ತಾ?’ ನಾಣಿ ಕೊನೆಗೂ ಬಾಯಿ ಮುಕ್ಕಳಿಸಿ ಏಣಿ ಹತ್ತಿದ. ಬೋರ್ಡು ಹಳೆಯ ತೊಟ್ಟಿಲ ಹಿಂದೆ ಇತ್ತು. ಅಪ್ಪ ತಮ್ಮ ಕೈಯಾರೆ ಬರೆದದ್ದು. ಮೇಲೆ ದಪ್ಪಕ್ಷರದಲ್ಲಿ ‘ಮನೆ ಬಾಡಿಗೆಗೆ ಇದೆ’, ಅದರ ಕೆಳಗೆ, ಜಾಗ ಸಾಲದೆ ಸ್ವಲ್ಪ ಓರೆಯಾಗಿ, ‘ಸಸ್ಯಾಹಾರಿಗಳಿಗೆ ಮಾತ್ರ’. ಅಪ್ಪ ತೀರಿಕೊಂಡು ಮನೆಯ ಖಾತೆ ನಾಣಿಯ ಹೆಸರಿಗಾಗಿ ಎಷ್ಟೋ ಕಾಲವಾಯಿತು, ಅಕ್ಷರ ಮಾತ್ರ ಮಾಸಿಲ್ಲ. ಇಂಥ ಬೋರ್ಡುಗಳನ್ನು ಅವನು ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಗೇಟುಗೇಟುಗಳಲ್ಲಿ ಹುಡುಕಿ ಕ್ಯಾಮೆರಾದಲ್ಲಿ ಹಿಡಿದಿದ್ದ. ಆಗೆಲ್ಲ ತನ್ನ ಮನೆಯ ಅಟ್ಟದಲ್ಲೂ ಒಂದಿದೆ ಎಂಬುದು ನೆನಪಾಗಲಿಲ್ಲವೇ, ಅಥವಾ ನೆನಪಾಗಿಯೂ ಆಗದ ಹಾಗೆ ಇಟ್ಟುಕೊಂಡಿದ್ದೆನೇ ಎಂದು ಯೋಚಿಸುತ್ತ ಏಣಿಯ ಮೇಲೆ ನಿಂತೇಬಿಟ್ಟ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಹೊಳೆಯಿತು, ಆದರೆ ಗಾದೆ ಹೊಳೆದ ಮಾತ್ರಕ್ಕೆ ಸಮಾಧಾನವೇನೂ ಆಗಲಿಲ್ಲ. ‘ಮೊಳೆ ಇಲ್ಲಮ್ಮ’ ಎಂದು ಕೂಗಿ ಹೇಳಿ, ಬೋರ್ಡನ್ನು ತಂದು ಮುಖ ಗೋಡೆಗೆ ಮಾಡಿ ನಿಲ್ಲಿಸಿದ.

ಮೊಳೆಯ ಮಾತು ಸುಳ್ಳು. ನಿಜವಾದ ತೊಡಕು ಹುಟ್ಟಿದ್ದು ಶುಕ್ರವಾರ, ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಮುನಿಯಪ್ಪ ಅವನ ಪಕ್ಕದ ಮೇಜಿನವನು. ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಗ್ರೇಡು, ಒಬ್ಬರ ನಕ್ಷೆಯಲ್ಲಿ ಇನ್ನೊಬ್ಬರು ತಪ್ಪು ಹುಡುಕಿ ಖುಷಿಪಡುವವರು. ಸಾಕ್ಷ್ಯಚಿತ್ರದಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗುವವನೂ ಮುನಿಯಪ್ಪನೇ. ಆ ದಿನ ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ, ‘ಏನು ಡೈರೆಕ್ಟ್ರೇ, ನಿಮ್ಮ ಮೇಲಿನ ಮನೆ ಖಾಲಿ ಆಯ್ತಂತೆ?’ ಎಂದ. ಡೈರೆಕ್ಟ್ರೇ ಎನ್ನುವುದು ಅವನ ತಮಾಷೆ. ನಾಣಿ ನಕ್ಕು, ‘ಹೂಂ, ಯಾಕೆ, ಇನ್ನೊಂದು ಶಾಟ್ ಬೇಕಾ?’ ಎಂದ. ‘ಶಾಟ್ ಅಲ್ಲ ಗುರು, ಮನೆ ಬೇಕು.’ ‘ನಿಜವಾಗ್ಲೂ ಬೇಕಾ?’ ಎಂಬ ಮಾತು ನಾಣಿಯ ಬಾಯಿಂದ ಜಾರಿಹೋಯಿತು. ಮುನಿಯಪ್ಪ ಲೋಟ ತಿರುಗಿಸುವುದನ್ನು ನಿಲ್ಲಿಸಿದ. ‘ಮತ್ತೆ ಇಷ್ಟು ದಿನ ನಾನೇನು ಮಾಡ್ತಿದ್ದೆ ಅಂದ್ಕೊಂಡಿದ್ರಿ?’

ಏನಂದುಕೊಂಡಿದ್ದ ನಾಣಿ? ಪಾರ್ಟು ಮಾಡುತ್ತಿದ್ದಾನೆ ಅಂದುಕೊಂಡಿದ್ದ. ಮುನಿಯಪ್ಪ ಕೆಂಗೇರಿಯಲ್ಲಿ ಅಕ್ಕನ ಮನೆಯ ನಡುಮನೆಯಲ್ಲಿ ಹೆಂಡತಿಯೊಡನೆ ಹಾಸಿಗೆ ಹಾಸಿಕೊಳ್ಳುತ್ತಾನೆ, ಹೆಂಡತಿ ವೆಂಕಟಲಕ್ಷ್ಮಿಗೆ ಏಳು ತಿಂಗಳು, ಅಕ್ಕನ ಮಗಳೂ ಹೆರಿಗೆಗೆ ಅದೇ ಮನೆಗೆ ಬರುವವಳಿದ್ದಾಳೆ, ಅಷ್ಟರೊಳಗೆ ಇವರು ಜಾಗ ಖಾಲಿ ಮಾಡಬೇಕು, ಇದೆಲ್ಲ ನಾಣಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ, ಇವನ ಮುಖದಲ್ಲಿ ಮನೆ ಬೇಕಾದವನ ಕಳೆ ಇದೆ, ಪಾತ್ರಕ್ಕೆ ಒಪ್ಪುತ್ತದೆ ಎಂದು ಆರಿಸಿಕೊಂಡದ್ದು. ಗೊತ್ತಿರುವುದು ಒಂದು ಕಡೆ, ಸಿನಿಮಾ ಇನ್ನೊಂದು ಕಡೆ ಇತ್ತು. ಅವೆರಡೂ ಒಂದೇ ಎಂದು ಯಾರೂ ಹೇಳಿರಲಿಲ್ಲ. ‘ವೆಂಕಟಲಕ್ಷ್ಮಿಗೆ ಮೆಟ್ಟಲು ಹತ್ತೋದು ಕಷ್ಟ, ಆದ್ರೂ ಪರವಾಗಿಲ್ಲ’ ಎಂದ ಮುನಿಯಪ್ಪ, ಆಗಲೇ ಮನೆ ಸಿಕ್ಕಿದವನ ಹಾಗೆ. ‘ಬೇಗ ಹೇಳಿ.’ ನಾಣಿ ಹೇಳಿದ: ‘ನನ್ನದೇನೂ ಇಲ್ಲಪ್ಪ. ಅಮ್ಮನ್ನ ಒಂದು ಮಾತು ಕೇಳ್ಬೇಕು.’ ಹೇಳಿದ ಮೇಲೆ, ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಶುಕ್ರವಾರ ಸಂಜೆ ಅಮ್ಮನನ್ನು ಕೇಳಲಿಲ್ಲ. ಶನಿವಾರ ಅಮ್ಮನ ಒಪ್ಪತ್ತು, ಹಸಿದವಳ ಹತ್ತಿರ ಈ ಮಾತು ಬೇಡ ಎಂದು ಬಿಟ್ಟ. ಇವತ್ತು ಭಾನುವಾರ, ಅವಳ ಹೊಟ್ಟೆಯೂ ತುಂಬಿತ್ತು, ನೆವವೂ ಮುಗಿದಿತ್ತು.

ಈ ಹುಚ್ಚು ಹತ್ತಿದ್ದು ಫಿಲ್ಮ್ ಸೊಸೈಟಿಯಲ್ಲಿ ಅಮೆರಿಕದ ಒಂದು ಸಾಕ್ಷ್ಯಚಿತ್ರ ನೋಡಿದ ಮೇಲೆ. ಬಿಳಿಯರ ಬೀದಿಗಳಲ್ಲಿ ಕರಿಯರಿಗೆ ಮನೆ ಕೊಡದಿರುವುದನ್ನು ಯಾರೋ ಬಾಗಿಲು ಬಾಗಿಲಿಗೆ ಹೋಗಿ ಚಿತ್ರಿಸಿದ್ದರು. ಇಸ್ತ್ರಿ ಮಾಡಿದ ಸೂಟು ತೊಟ್ಟ ಕರಿಯ, ಪಕ್ಕದಲ್ಲಿ ಟೋಪಿ ಹಾಕಿಕೊಂಡ ಅವನ ಹೆಂಡತಿ; ಬಾಗಿಲು ತೆರೆದ ಬಿಳಿ ಹೆಂಗಸು ನಗುನಗುತ್ತಲೇ ಇಲ್ಲ ಎನ್ನುತ್ತಾಳೆ. ಆ ನಗೆ ನೋಡಿ ನಾಣಿಗೆ ಕಣ್ಣಲ್ಲಿ ನೀರು ಬಂತು. ಬಸ್ಸು ಹತ್ತದೆ ನವರಂಗ್ ಟಾಕೀಸಿನ ತನಕ ನಡೆದೇ ಬಂದ. ದೂರದವರ ಪಾಪಕ್ಕೆ ಅಳುವುದು ಎಷ್ಟು ಸಲೀಸು ಎಂದು ಆಗ ಅನ್ನಿಸಿರಲಿಲ್ಲ. ಇಂಥದ್ದನ್ನು ನಮ್ಮಲ್ಲೂ ತೆಗೆಯಬೇಕು, ನಮ್ಮ ಜನಕ್ಕೇ ತೋರಿಸಬೇಕು, ನೋಡಿದವರು ನಾಚಿಕೊಂಡು ಎದ್ದು ಮುನಿಯಪ್ಪನಂಥವರ ಪಕ್ಕ ಬಂದು ನಿಲ್ಲಬೇಕು. ಸೊಸೈಟಿಯವರು ಹದಿನಾರು ಎಂ.ಎಂ. ಕ್ಯಾಮೆರಾ ಎರವಲು ಕೊಟ್ಟರು, ಗಡಿಯಾರದ ಹಾಗೆ ಕೀ ಕೊಟ್ಟು ಓಡಿಸುವಂಥದ್ದು. ಪೂರ್ತಿ ಕೀ ಕೊಟ್ಟರೆ ಅರ್ಧ ನಿಮಿಷ ಓಡಿ ನಿಲ್ಲುತ್ತದೆ. ರೀಲು ಸಿಗುವುದೇ ಕಷ್ಟ, ಸುಮ್ಮನೆ ಓಡಿಸುವ ಹಾಗಿಲ್ಲ. ಅದಕ್ಕೆ ಇಬ್ಬರೂ ಒಂದು ಪದ್ಧತಿ ಮಾಡಿಕೊಂಡರು. ನಾಣಿ ಎದುರು ಸಾಲಿನಲ್ಲಿ ನಿಂತ ಯಾವುದಾದರೂ ಕಾರಿನ ಹಿಂದೆ ಅವಿತು ಕೂರುವುದು. ಮುನಿಯಪ್ಪ ಮನೆಯವರೊಡನೆ ನೀರು, ನಲ್ಲಿ, ಬಾಡಿಗೆ ಎಂದು ಮಾತು ಬೆಳೆಸುವುದು. ಕ್ಯಾಮೆರಾ ಸಿದ್ಧವಾದ ಕೂಡಲೇ ನಾಣಿ ಕರವಸ್ತ್ರ ಬೀಸುವುದು. ಆಗ, ಆಗ ಮಾತ್ರ, ಮುನಿಯಪ್ಪ ತನ್ನ ಜಾತಿ ಹೇಳುವುದು. ‘ನೀವು ಹರಿಜನ ಅಂತ ಬರೀತೀರಿ, ನಾವು ಎ.ಕೆ. ಅಂತೀವಿ, ಆದಿ ಕರ್ನಾಟಕ. ಯಾವುದು ಹೇಳ್ಲಿ?’ ಎಂದು ಮೊದಲ ದಿನ ಮುನಿಯಪ್ಪ ಕೇಳಿದ್ದ. ‘ನಿಮ್ಮ ಬಾಯಿಗೆ ಯಾವುದು ಬರತ್ತೋ ಅದು’ ಎಂದಿದ್ದ ನಾಣಿ, ಬಹಳ ದೊಡ್ಡ ಮನಸ್ಸು ಮಾಡಿ.

ಯಾರೂ ಬೈಯಲಿಲ್ಲ, ಯಾರೂ ಗದರಲಿಲ್ಲ. ನಾಣಿಗೆ ಒಳಗೊಳಗೇ ಅದರಿಂದ ನಿರಾಸೆಯೂ ಆಗಿತ್ತು. ಒಬ್ಬರಾದರೂ ಬಾಗಿಲು ಧಡಾರನೆ ಹಾಕಿಕೊಂಡಿದ್ದರೆ ತೆರೆಯ ಮೇಲೆ ಚೆನ್ನಾಗಿರುತ್ತಿತ್ತು. ಹೆಂಗಸರು ಬಂದರೆ, ‘ನಮ್ಮದೇನಿಲ್ಲಪ್ಪ, ಯಜಮಾನ್ರನ್ನ ಕೇಳ್ಬೇಕು.’ ಯಜಮಾನರೇ ಬಂದರೆ, ‘ನಮಗೆ ಅದೆಲ್ಲಾ ಇಲ್ಲ, ಮನೇಲಿ ಹೆಂಗಸರು ಒಪ್ಪಲ್ಲ, ಏನ್ಮಾಡೋದು ಹೇಳಿ.’ ಸೊಸೆ ಅತ್ತೆಯನ್ನು ತೋರಿಸಿದಳು, ಅತ್ತೆ ಬಾತ್‌ರೂಮಿನಲ್ಲಿದ್ದ ಮಗನನ್ನು ತೋರಿಸಿದಳು. ಕೊನೆಗೆ ಎಲ್ಲರದೂ ಒಂದೇ ಪಲ್ಲವಿ: ‘ಒಳಗೆ ಕೇಳಿ ಹೇಳ್ತೀವಿ.’ ಕ್ಯಾಮೆರಾಕ್ಕೆ ಕಿವಿಯಿಲ್ಲ. ಮುನಿಯಪ್ಪ ಬಂದು ಒಪ್ಪಿಸಿದ ಮಾತುಗಳನ್ನು ಕೇಳಿ ನಾಣಿ ವ್ಯಾಖ್ಯಾನ ಬರೆದ. ‘ಪ್ರತಿ ಮನೆಯ ಒಳಗೂ ಕಣ್ಣಿಗೆ ಕಾಣದ ಒಬ್ಬರಿದ್ದಾರೆ. ಇಲ್ಲ ಎನ್ನುವವರು ಅವರೇ. ಅವರು ಎಂದೂ ಬಾಗಿಲಿಗೆ ಬರುವುದಿಲ್ಲ.’ ಈ ಸಾಲು ಹೊಳೆದ ದಿನ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

‘ಸಂಜೆ ನಾನೂ ಬರ್ಲಾ?’ ಎಂದು ಅಂಬುಜಮ್ಮ ಉಪ್ಪಿಟ್ಟು ಬಡಿಸುತ್ತ ಕೇಳಿದಳು. ‘ನನ್ನ ಮಗ ಸಿನಿಮಾ ತೆಗೆದಿದಾನೆ ಅಂತ ಪಕ್ಕದ ಮನೆ ಸೀತಾ ಹೇಳಿ ನನಗೆ ಗೊತ್ತಾಗ್ಬೇಕು.’ ‘ಅಲ್ಲಿ ಸರಿಯಾಗಿ ಕುರ್ಚಿ ಇಲ್ಲಮ್ಮ. ನಿನ್ನ ಮಂಡಿಗೆ ಆಗಲ್ಲ.’ ‘ಯಾವುದರ ಮೇಲೆ ಸಿನಿಮಾ?’ ‘ಬಾಡಿಗೆ ಮನೆ ಮೇಲೆ.’ ‘ಅದರಲ್ಲಿ ನೋಡೋಕೇನಿದೆಯೋ’ ಎಂದು ಅವಳು ನಕ್ಕಳು. ಈಗ ಕೇಳಬಹುದಾಗಿತ್ತು. ಮಾತು ತಾನಾಗಿ ಬಾಗಿಲ ತನಕ ಬಂದು ನಿಂತಿತ್ತು, ಒಳಗೆ ಬಾ ಎಂದರೆ ಸಾಕಿತ್ತು.

ನಾಣಿ ಅಮ್ಮನ ಮುಖ ನೋಡಿದ. ಕೇಳಿದರೆ ಏನನ್ನುತ್ತಾಳೆ? ಗೊತ್ತಿಲ್ಲ. ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಇರುವ ಹೆಂಗಸು ಏನನ್ನುತ್ತಾಳೆಂದು ಇವನಿಗೆ ಗೊತ್ತಿಲ್ಲ. ಅವಳು ಒಪ್ಪುವುದಿಲ್ಲ ಎಂದು ತಾನೇ ತೀರ್ಮಾನಿಸಿ, ಆ ತೀರ್ಮಾನದ ನೆರಳಲ್ಲಿ ಇಷ್ಟು ವರ್ಷ ಆರಾಮಾಗಿ ಇದ್ದುಬಿಟ್ಟಿದ್ದ. ಮುನಿಯಪ್ಪ ಬಂದಾಗಲೆಲ್ಲ ಕೂರುತ್ತಿದ್ದುದು ವರಾಂಡದ ಸಿಮೆಂಟು ಕಟ್ಟೆಯ ಮೇಲೆ. ಕೂರಿಸುತ್ತಿದ್ದವನು ನಾಣಿ. ‘ಇಲ್ಲೇ ಗಾಳಿ ಚೆನ್ನಾಗಿದೆ’ ಎನ್ನುತ್ತಿದ್ದವನೂ, ಒಳಗೆ ಹೋಗಿ ಕಾಫಿ ತರುತ್ತಿದ್ದವನೂ ಅವನೇ. ಒಮ್ಮೆ ಅಮ್ಮ ಬಾಗಿಲಿಗೆ ಬಂದು, ‘ಬಿಸಿಲಲ್ಲಿ ಯಾಕ್ರಪ್ಪ, ಒಳಗೆ ಕೂತ್ಕೊಳ್ಳಬಾರ್ದಾ’ ಅಂದದ್ದು ಈಗ ನೆನಪಾಯಿತು. ‘ಇಲ್ಲಮ್ಮ, ಹೊರಡ್ತಾ ಇದೀವಿ’ ಎಂದು ನಾಣಿ ಮುನಿಯಪ್ಪನನ್ನು ಎಬ್ಬಿಸಿಕೊಂಡು ಹೊರಟಿದ್ದ. ಅವಳು ಗೊತ್ತಿದ್ದು ಅಂದಳೋ, ಗೊತ್ತಿಲ್ಲದೆ ಅಂದಳೋ? ಗೊತ್ತಿದ್ದೇ ಅಂದಿದ್ದರೆ? ಕೇಳಿದ ತಕ್ಷಣ, ಅದಕ್ಕೇನಂತೆ ಬರಲಿ ಅಂದುಬಿಟ್ಟರೆ? ಹಾಗಂದುಕೊಂಡದ್ದೇ ತಡ, ಭಾನುವಾರ ಮೇಲಿನಿಂದ ಮೀನು ಹುರಿಯುವ ವಾಸನೆ ಬಂದರೆ ಸೀತಾ ಕಿಟಕಿ ಹಾಕಿಕೊಳ್ಳುವ ಸದ್ದು ಕೇಳಿಸಿತು. ಹೆಣ್ಣು ಕೊಡುತ್ತೇವೆಂದು ಬರುವವರು ಗೇಟಿನಲ್ಲಿ ನಿಂತು, ಮೇಲೆ ಯಾರಿರುವುದು ಎಂದು ಕೇಳುವುದು ಕೇಳಿಸಿತು. ಅಮ್ಮನದಲ್ಲದ ಈ ದನಿಗಳೆಲ್ಲ ಯಾರವು? ಥೂ, ಎಂದು ತನ್ನನ್ನೇ ಬೈದುಕೊಂಡ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ‘ಉಪ್ಪು ಕಮ್ಮಿ ಆಯ್ತೇನೋ?’ ಎಂದಳು ಅಮ್ಮ. ‘ಸರಿಯಾಗಿದೆ’ ಎಂದು ಅವನು ತಟ್ಟೆ ಎತ್ತಿಕೊಂಡು ಎದ್ದ.

ಸಂಜೆ ಬಡಾವಣೆಯ ಸಂಘದ ಹಾಲಿನಲ್ಲಿ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದರು. ಎದುರಿಗೆ ಬಿಳಿ ಪಂಚೆಯ ತೆರೆ. ನಾಣಿ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನ ಬಂದಿದ್ದರು: ಮೇಷ್ಟ್ರುಗಳು, ಆಫೀಸಿನವರು, ಹೆಂಡತಿ ಮಕ್ಕಳನ್ನು ಕರೆತಂದವರು, ಸಿನಿಮಾ ಎಂದರೆ ಹಾಡಿರುತ್ತದೆ ಎಂದು ಬಂದವರು. ಸೊಸೈಟಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಮೇಷ್ಟ್ರು ರೇವಣಸಿದ್ದಪ್ಪನವರು ನಾಣಿಯ ಬೆನ್ನು ತಟ್ಟಿ, ‘ಧೈರ್ಯವಾಗಿ ಓದಪ್ಪ’ ಎಂದರು. ಮುನಿಯಪ್ಪ ಹಿಂದಿನ ಗೋಡೆಯ ಪಕ್ಕ, ದೀಪದ ಸ್ವಿಚ್ಚಿನ ಬಳಿ ನಿಂತ. ದೀಪ ಆರಿಸುವ ಮೊದಲು ಅವನು ನಾಣಿಯ ಕಡೆ ನೋಡಿ ಹುಬ್ಬು ಹಾರಿಸಿದ. ಕೇಳಿದ್ರಾ, ಎಂದೇ ಅದರ ಅರ್ಥ. ನಾಣಿ ಪ್ರೊಜೆಕ್ಟರಿನ ಮೇಲೆ ಬಾಗಿ ರೀಲು ಸರಿಮಾಡುವವನ ಹಾಗೆ ನಟಿಸಿದ. ದೀಪ ಆರಿತು. ಬೋರ್ಡುಗಳು ಒಂದರ ಹಿಂದೊಂದು ತೆರೆಯ ಮೇಲೆ ಬಂದವು. ನಾಣಿ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕಾಗದ ಹಿಡಿದು ಓದುತ್ತಿದ್ದ. ದನಿ ಚೆನ್ನಾಗಿತ್ತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಕಣ್ಣಿಗೆ ಕಾಣದ ಒಬ್ಬರು ಎಂಬಲ್ಲಿಗೆ ಬಂದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಚ್ಚು ಚ್ಚು ಎಂದಳು. ಆಮೇಲೆ ಬೀಗದ ಕೈ ಶಾಟ್ ಬಂತು.

ಅದು ಬಸವೇಶ್ವರನಗರದ ಮನೆ, ಇನ್ನೂ ಸುಣ್ಣದ ವಾಸನೆ ಆರದ್ದು. ಒಡತಿ ವಿಮಲಮ್ಮ ಎಂಬ ಸ್ಕೂಲ್ ಮೇಡಂ. ಆ ದಿನ ನಾಣಿ ಜಲ್ಲಿ ರಾಶಿಯ ಪಕ್ಕ ನಿಂತ ಕಾರಿನ ಹಿಂದೆ ಕಾದು ಕಾದು ಸುಸ್ತಾಗಿದ್ದ, ಯಾಕೆಂದರೆ ಆಕೆ ಏನನ್ನೂ ಕೇಳಲೇ ಇಲ್ಲ. ಮನೆ ತೋರಿಸಿದರು, ಸಂಪಿನ ಮುಚ್ಚಳ ಎತ್ತಿ ನೀರು ತೋರಿಸಿದರು, ಮಜ್ಜಿಗೆ ಕೊಟ್ಟರು. ಕೊನೆಗೆ ಬೀಗದ ಕೈಯನ್ನೇ ತಂದು ಮುನಿಯಪ್ಪನ ಕೈಗೆ ಹಾಕಿ, ‘ಗುರುವಾರ ಒಳ್ಳೇ ದಿನ, ಹಾಲುಕ್ಕಿಸಿಬಿಡಿ’ ಅಂದರು. ಮುನಿಯಪ್ಪ ಗೇಟಿನ ತನಕ ಬಂದು ನಾಣಿಯ ಕಡೆ ನೋಡಿದ. ನಾಣಿ ಕರವಸ್ತ್ರ ಬೀಸಿದ. ಮುನಿಯಪ್ಪ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ತಿರುಗಿ ಹೋಗಿ ಹೇಳಿದ. ಆಕೆ ಕೈ ಮುಂದೆ ಮಾಡಿದರು, ಬೀಗದ ಕೈ ವಾಪಸ್ಸು ಹೋಯಿತು. ಅಷ್ಟೂ ಅರ್ಧ ನಿಮಿಷದ ಒಳಗೆ, ಅಳೆದು ಮಾಡಿಸಿದ ಹಾಗೆ. ನಾಣಿ ಓಡಿಬಂದು ಮುನಿಯಪ್ಪನನ್ನು ತಬ್ಬಿಕೊಂಡು, ‘ಏನ್ ಶಾಟ್ ಗುರು’ ಎಂದಿದ್ದ. ಅವತ್ತು ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸಿದ್ದ. ಮುನಿಯಪ್ಪ ಅರ್ಧ ತಿಂದು ಬಿಟ್ಟಾಗ, ಯಾಕೆ ಪಲ್ಯ ಚೆನ್ನಾಗಿಲ್ವಾ ಎಂದು ಕೇಳಿದ್ದ. ಈಗ ತೆರೆಯ ಮೇಲೆ ಮುನಿಯಪ್ಪನ ಮುಖ ಆಳೆತ್ತರಕ್ಕೆ ಬೆಳೆದು ಸಭಿಕರನ್ನೇ ನೋಡುತ್ತಿತ್ತು. ಅವನ ಹಿಂದೆ ವಿಮಲಮ್ಮನ ಮನೆಯ ಕಿಟಕಿ, ಕಿಟಕಿಗೆ ಹೊಸ ಗಾಜು. ಆ ಗಾಜಿನಲ್ಲಿ ಎದುರು ರಸ್ತೆ, ಒಂದು ಕಾರು, ಕಾರಿನ ಹಿಂದೆ ಬೆಳ್ಳಗೆ ಏನೋ ಅಲ್ಲಾಡುತ್ತಿತ್ತು. ಚಿತ್ರ ಜೋಡಿಸುವಾಗ ಬೆರಳಗಲದ ಚೌಕದಲ್ಲಿ ಅದು ಕಂಡಿರಲಿಲ್ಲ. ಬೇರೆ ಯಾರಿಗೂ ಕಾಣಲಿಕ್ಕಿಲ್ಲ, ಕಂಡರೂ ಒಣಹಾಕಿದ ಬಟ್ಟೆ ಅಂದುಕೊಳ್ಳುತ್ತಾರೆ. ನಾಣಿಗೆ ಓದಬೇಕಾದ ಸಾಲು ಕಣ್ಣಿಗೆ ಬೀಳಲಿಲ್ಲ. ಬ್ಯಾಟರಿ ಕಾಗದದ ಮೇಲಿತ್ತು, ಅಕ್ಷರಗಳೂ ಇದ್ದವು, ಆದರೆ ಅವನು ಸುಮ್ಮನೆ ನಿಂತ. ಪ್ರೊಜೆಕ್ಟರು ಕರಕರ ಓಡುತ್ತಲೇ ಇತ್ತು. ಬೀಗದ ಕೈ ವಾಪಸ್ಸು ಹೋದಾಗ ಹಾಲಿನಲ್ಲಿ ಚಪ್ಪಾಳೆ ಬಿತ್ತು. ಆ ಮೌನವನ್ನು ಬೇಕೆಂದೇ ಇಟ್ಟದ್ದು ಎಂದು ಆಮೇಲೆ ಇಬ್ಬರು ಬಂದು ಹೊಗಳಿದರು.

ದೀಪ ಹತ್ತಿದ ಮೇಲೆ ರೇವಣಸಿದ್ದಪ್ಪನವರು ಮಾತಾಡಿದರು. ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳಲ್ಲ. ‘ಮರುಗಿ ಎದ್ದುಹೋದ್ರೆ ಏನೂ ಆಗಲ್ಲ. ನಾವು ಅವರ ಪಕ್ಕ ನಿಂತ್ಕೋಬೇಕು. ಇನ್ನು ಮೇಲೆ ಜಾತಿ ಕೇಳದೆ ಮನೆ ಕೊಡ್ತೀವಿ ಅನ್ನೋರು ಕೈ ಎತ್ತಿ ನೋಡೋಣ.’ ಕೈಗಳು ಎದ್ದವು. ಮಕ್ಕಳೂ ಎತ್ತಿದರು. ನಾಣಿಯ ಕೈಯೂ ಎದ್ದಿತ್ತು, ಯಾವಾಗ ಎದ್ದಿತೋ ಅವನಿಗೇ ತಿಳಿಯದು. ಅಧ್ಯಕ್ಷರು ಮುನಿಯಪ್ಪನನ್ನು ಮುಂದೆ ಕರೆದು, ಎರಡು ಮಾತು ಹೇಳಿ ಎಂದರು. ಮುನಿಯಪ್ಪ ಎದ್ದ ಕೈಗಳನ್ನೆಲ್ಲ ಒಮ್ಮೆ ನೋಡಿದ. ‘ಸಂತೋಷ’ ಎಂದ. ‘ಇದರಲ್ಲಿ ಯಾರ ಮನೆಯಾದ್ರೂ ಈಗ ಖಾಲಿ ಇದ್ರೆ, ಅವರು ಮಾತ್ರ ಎತ್ಕೊಂಡಿರಿ. ಮಿಕ್ಕೋರು ಇಳಿಸಬಹುದು.’ ಜನ ನಕ್ಕರು. ತಮಾಷೆ ಚೆನ್ನಾಗಿದೆ ಎಂದುಕೊಂಡು ಕೈ ಇಳಿಸಿದರು. ಅವನೂ ನಕ್ಕ. ನಾಣಿ ಅಷ್ಟರಲ್ಲಿ ರೀಲು ಸುತ್ತುತ್ತಿದ್ದ. ರೀಲು ಸುತ್ತಲು ಎರಡೂ ಕೈ ಬೇಕಾಗುತ್ತದೆ.

ಪ್ರೊಜೆಕ್ಟರನ್ನು ಸೋಮವಾರ ಹಿಂದಿರುಗಿಸಬೇಕು, ಒಂದು ರಾತ್ರಿ ನಾಣಿಯ ಮನೆಯಲ್ಲಿಡುವುದೆಂದು ಮೊದಲೇ ಆಗಿತ್ತು. ಮನೆ ಎರಡು ರಸ್ತೆಯಾಚೆ. ಮುನಿಯಪ್ಪ ಮರದ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡ, ನಾಣಿ ರೀಲಿನ ಡಬ್ಬಿ ಹಿಡಿದ. ಬೀದಿ ದೀಪಗಳು ಆಗಷ್ಟೇ ಹತ್ತಿದ್ದವು. ‘ಆ ದಿನ ನಾನು ಕರ್ಚೀಫ್ ಬೀಸಿದ್ದಕ್ಕೇ ಹೇಳಿದ್ರಾ?’ ಎಂದು ನಾಣಿ ಕೇಳಿದ. ಮುನಿಯಪ್ಪ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. ‘ನಾನು ನಿಮ್ಮ ಕಡೆ ನೋಡಿದ್ದು ಹೇಳ್ಲಾ ಅಂತ ಕೇಳೋಕಲ್ಲ. ಬೀಗದ ಕೈ ಸಿಕ್ತು, ಎದ್ದು ಬನ್ನಿ ಅಂತ. ನೀವು ಬೀಸಿದ್ರಿ.’ ‘ಬೀಸಿದ್ರೆ ಹೇಳ್ಲೇಬೇಕು ಅಂತ ಇರ್ಲಿಲ್ಲವಲ್ಲ.’ ‘ಇರ್ಲಿಲ್ಲ.’ ಒಂದು ಸೈಕಲ್ಲಿಗೆ ದಾರಿ ಬಿಟ್ಟು ಮುನಿಯಪ್ಪ ಮುಂದುವರಿಸಿದ. ‘ಹೇಳ್ದೆ ಹೋಗಿ ಕೂತ್ರೆ ದಿನಾ ಹೆದರ್ಕೊಂಡಿರ್ಬೇಕು, ಯಾವತ್ತು ಗೊತ್ತಾಗತ್ತೋ ಅಂತ. ಅದೂ ಇತ್ತು. ಸಿನಿಮಾ ಚೆನ್ನಾಗಿ ಬರ್ಲಿ ಅಂತ ನನಗೂ ಇತ್ತು ಗುರು, ಸುಳ್ಳು ಯಾಕೆ. ಆದ್ರೆ ವೆಂಕಟಲಕ್ಷ್ಮಿಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಮನೆ ಸಿಕ್ಕಿದ್ರೆ ಹಾಲುಕ್ಕಿಸೋಕೆ ಅಂತ ಅವಳು ಮೊದಲೇ ಹೊಸ ಪಾತ್ರೆ ತಗೊಂಡು ಇಟ್ಟಿದ್ಲು.’ ನಾಣಿಗೆ ಏನಾದರೂ ಹೇಳಬೇಕೆನ್ನಿಸಿತು. ಕ್ಷಮಿಸಿ ಅನ್ನಲೇ? ಯಾರದೋ ಕಾಲು ತುಳಿದರೂ ಅದನ್ನೇ ಅನ್ನುತ್ತೇವೆ. ಅವನು ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ನಡೆದ.

ಗೇಟಿನಲ್ಲಿ ಬೋರ್ಡು ತೂಗುತ್ತಿತ್ತು. ಮೊಳೆಗೆ ಕಾಯದೆ ಅಂಬುಜಮ್ಮ ಹೂ ಕಟ್ಟುವ ಬಾಳೆನಾರನ್ನು ಹುರಿ ಮಾಡಿ ತಾನೇ ಕಟ್ಟಿಬಿಟ್ಟಿದ್ದಳು. ಮುನಿಯಪ್ಪ ದೀಪದ ಬೆಳಕಿನಲ್ಲಿ ಅದನ್ನು ಮೇಲಿನಿಂದ ಕೆಳಗಿನ ತನಕ ಓದಿದ. ‘ಅಕ್ಷರ ದುಂಡಗಿದೆ. ಯಾರು ಬರೆದದ್ದು?’ ‘ಅಪ್ಪ.’ ‘ಕೇಳಿದ್ರಾ ಅಮ್ಮನ್ನ?’ ನಾಣಿ ಬೋರ್ಡನ್ನೇ ನೋಡುತ್ತ, ‘ಇಲ್ಲ’ ಎಂದ. ಬೈದಿದ್ದರೆ ಹಗುರವಾಗುತ್ತಿತ್ತು. ಮುನಿಯಪ್ಪ, ‘ಸರಿ ಬಿಡಿ, ನಾನೇ ಕೇಳ್ತೀನಿ, ನನಗೆ ಅಭ್ಯಾಸ ಇದೆ’ ಎಂದು ಗೇಟು ತೆಗೆದು ಒಳಗೆ ಹೋದ. ಪೆಟ್ಟಿಗೆಯನ್ನು ಸಿಮೆಂಟು ಕಟ್ಟೆಯ ಮೇಲಿಟ್ಟ. ಅಂಗಿ ಸರಿಮಾಡಿಕೊಂಡ. ಬಾಗಿಲು ತಟ್ಟಿದ.

ಅಮ್ಮ ಬಾಗಿಲು ತೆರೆಯುವಾಗ ನಾಣಿ ರಸ್ತೆಯ ಆಚೆ ಬದಿಯಲ್ಲಿದ್ದ. ಯಾವಾಗ ದಾಟಿದನೋ ತಿಳಿಯದು. ಎದುರು ಮನೆ ಡಾಕ್ಟರ ಕಾರು ಎಂದಿನ ಜಾಗದಲ್ಲಿ ನಿಂತಿತ್ತು, ಅವನು ಅದರ ಹಿಂದೆ ನಿಂತಿದ್ದ, ಎದೆಗೆ ರೀಲಿನ ಡಬ್ಬಿ ಅವಚಿಕೊಂಡು. ಕಾಲುಗಳಿಗೆ ಆ ಜಾಗ ಅಷ್ಟು ರೂಢಿಯಾಗಿಬಿಟ್ಟಿತ್ತು. ಇಲ್ಲಿಂದ ತನ್ನ ಮನೆಯನ್ನು ಹೀಗೆ ಎಂದೂ ನೋಡಿರಲಿಲ್ಲ. ಸಣ್ಣ ಮನೆ, ಮೇಲೆ ಕತ್ತಲೆಯ ಎರಡು ಕಿಟಕಿ, ಕೆಳಗೆ ಬೆಳಕಿನಲ್ಲಿ ಒಂದು ಬಾಗಿಲು. ಬೀದಿ ನಿಶ್ಶಬ್ದವಾಗಿತ್ತು, ಒಂದೊಂದು ಮಾತೂ ಕೇಳುತ್ತಿತ್ತು. ‘ಅಮ್ಮ, ಮೇಲೆ ಮನೆ ಖಾಲಿ ಇದೆಯಂತಲ್ಲ. ನಾನು ಮುನಿಯಪ್ಪ, ನಾಣಿ ಜೊತೆ ಕೆಲಸ ಮಾಡೋನು.’ ‘ಗೊತ್ತಪ್ಪ, ಬರ್ತಿರ್ತೀರಲ್ಲ. ಎಷ್ಟು ಜನ ಇದೀರಿ?’ ‘ಇಬ್ಬರು. ಹೆಂಡ್ತಿಗೆ ಏಳು ತಿಂಗಳು.’ ‘ಅಯ್ಯೋ, ಮೆಟ್ಟಲು ಹುಷಾರು ಮತ್ತೆ. ನೀರು ಬೆಳಿಗ್ಗೆ ಮಾತ್ರ ಬರತ್ತೆ, ಹಿಡಿದಿಟ್ಕೋಬೇಕು.’ ಅಮ್ಮನ ದನಿ ಹಗುರವಾಗಿತ್ತು. ಅವಳು ಇನ್ನೇನನ್ನೂ ಕೇಳಲಿಲ್ಲ. ಮುನಿಯಪ್ಪ ಆಗ ತಿರುಗಿ ರಸ್ತೆಯ ಕಡೆ ನೋಡಿದ. ಅದೇ ನೋಟ. ನಾಣಿಯ ಕೈ ಜೇಬಿನಲ್ಲಿ ಕರವಸ್ತ್ರವನ್ನು ಹಿಡಿದಿತ್ತು. ಮುಖ ಬೆವೆತಿತ್ತು, ಒರೆಸಿಕೊಳ್ಳಬೇಕಾಗಿತ್ತು, ತೆಗೆಯುವಂತಿಲ್ಲ, ಬಿಡುವಂತಿಲ್ಲ. ಬೇಡ, ಹೇಳಬೇಡ ಎನ್ನುವುದಕ್ಕೆ ಅವರಿಬ್ಬರ ನಡುವೆ ಯಾವ ಸನ್ನೆಯೂ ಇರಲಿಲ್ಲ. ಮುನಿಯಪ್ಪ ಅವನಿಗಾಗಿ ಕಾಯಲಿಲ್ಲ. ತಿರುಗಿ, ‘ನಾವು ಎ.ಕೆ. ಅಮ್ಮ’ ಎಂದ. ‘ಮೊದಲೇ ಹೇಳ್ಬಿಡೋದು ಒಳ್ಳೇದು ಅಂತ.’

ಅಂಬುಜಮ್ಮ ಸೆರಗಿನ ತುದಿಯನ್ನು ಹಿಡಿದುಕೊಂಡಳು. ಬಾಗಿಲು ಮುಂದೂ ಹೋಗಲಿಲ್ಲ, ಹಿಂದೂ ಹೋಗಲಿಲ್ಲ. ಆಮೇಲೆ ಅವಳು ಹೇಳಿದಳು: ‘ನನ್ನದೇನಿದೆಯಪ್ಪ. ಮನೆ ಅವನ ಹೆಸರಲ್ಲಿದೆ. ಅವನನ್ನ ಒಂದು ಮಾತು ಕೇಳ್ಬೇಕು.’ ‘ಕೇಳ್ತೀನಮ್ಮ’ ಎಂದು ಮುನಿಯಪ್ಪ ಮೆಟ್ಟಲಿಳಿದ. ಗೇಟು ತೆಗೆದು, ಬೋರ್ಡು ಅಲ್ಲಾಡದ ಹಾಗೆ ಮೆಲ್ಲಗೆ ಹಾಕಿ, ರಸ್ತೆ ದಾಟಿ ನೇರ ಕಾರಿನ ಕಡೆಗೆ ಬಂದ. ಇಷ್ಟೂ ಮನೆಗಳಲ್ಲಿ ಅವನು ಬಾಗಿಲ ಕಡೆ ಹೋಗುವುದನ್ನು ನಾಣಿ ನೋಡಿದ್ದ; ತನ್ನ ಕಡೆಗೆ ಹೀಗೆ ನಡೆದು ಬರುವುದನ್ನು ನೋಡಿರಲಿಲ್ಲ. ಮುನಿಯಪ್ಪ ಎದುರಿಗೆ ನಿಂತು ಕೈ ಕಟ್ಟಿಕೊಂಡ. ‘ಮನೆ ಖಾಲಿ ಇದೆಯಂತಲ್ಲ ಸಾರ್’ ಎಂದ. ಪರಿಚಯವಾದಾಗಿನಿಂದ ಅವನು ನಾಣಿಯನ್ನು ಸಾರ್ ಎಂದದ್ದು ಇದೇ ಮೊದಲು. ನಾಣಿ ಬಾಯಿ ತೆರೆದ. ಅಮ್ಮನ್ನ ಕೇಳ್ಬೇಕು ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ರಸ್ತೆಯ ಆಚೆ ಅಂಬುಜಮ್ಮ ವರಾಂಡದ ದೀಪ ಹಾಕಿ, ಹೊರಗೆ ಬಂದು, ಮಗ ಏನು ಹೇಳುತ್ತಾನೋ ಎಂದು ಗೇಟಿನ ಬಳಿ ನಿಂತಿದ್ದಳು.